ಟೊಲೀಡೊದವರನ್ನು ಸೋಲಿಸಿದ ವರ್ಷ

ಸ್ಟಾರ್ಲಿಂಗ್ ಹಾರ್ಬರ್, ಒಹಾಯೊ
ಜನವರಿ 19, 1958, ಭಾನುವಾರ

ಪ್ರೀತಿಯ ವೆರೋನಾ,

ಲಕೋಟೆಯ ಮೇಲೆ ಸಿಸ್ಟರ್ ಪ್ಲಾಸಿಡಾ ಎಂದೇ ಬರೆದಿದ್ದೇನೆ. ಒಳಗೆ ಮಾತ್ರ ನೀನು ನನಗೆ ವೆರೋನಾನೇ. ನಿಮ್ಮ ಮಠದ ಮುಖ್ಯಸ್ಥೆ ಮದರ್ ಪತ್ರಗಳನ್ನು ಓದಿ ಕೊಡುವ ಪದ್ಧತಿಯಿದ್ದರೆ ಅವರು ಈ ಮುದುಕಿಯನ್ನು ಕ್ಷಮಿಸಲಿ. ಆರೋಗ್ಯವಾಗಿದ್ದೀಯಾ, ಮಗಳೇ? ಚಳಿಗೆ ನಿನ್ನ ಬೆರಳುಗಳು ಊದಿ ಕೆಂಪಾಗುವುದು ಈ ವರ್ಷವೂ ಶುರುವಾಗಿರಬೇಕು. ಮಲಗುವ ಮುಂಚೆ ಬಾತುಕೋಳಿಯ ಕೊಬ್ಬು ಸವರಿಕೋ, ಅದು ವ್ರತಕ್ಕೇನೂ ಅಡ್ಡಿಯಾಗಲಾರದು. ನನ್ನ ಮೊಣಕಾಲು ಹಾಗೇ ಇದೆ. ನಿಮ್ಮಪ್ಪನ ಕೆಮ್ಮು ಕಡಿಮೆಯಾಗಿದೆ, ಪೈಪು ಸೇದುವುದನ್ನು ಬಿಟ್ಟಿದ್ದಾರೆ. ಯಾಕೆ ಬಿಟ್ಟರೆಂದು ಮುಂದೆ ನಿನಗೇ ಗೊತ್ತಾಗುತ್ತದೆ.

ಉಳಿದದ್ದಕ್ಕಿಂತ ಮೊದಲು ಇದನ್ನು ಓದಿಕೋ. ನಿನ್ನ ಅಣ್ಣ ಎಮಿಲ್ ಬದುಕಿದ್ದಾನೆ. ಮನೆಯಲ್ಲೇ ಇದ್ದಾನೆ. ಈಗ ತಾನೇ ಸೂಪು ಕುಡಿದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದಾನೆ, ಉಸಿರಾಟ ನನಗೆ ಕೇಳಿಸುತ್ತಿದೆ. ನಿನ್ನ ಸಹೋದರನಿಗೆ ಕಾಯಿಲೆ, ಪ್ರಾರ್ಥಿಸಿ ಎಂದಷ್ಟೇ ಫಾದರ್ ಬೆನಿಯಾಮಿನ್ ನಿಮ್ಮ ಮದರ್‌ಗೆ ತಿಳಿಸಿದ್ದರಂತೆ. ಪೂರ್ತಿ ಬರೆಯಲು ನನ್ನ ಕೈ ಏಳಲಿಲ್ಲ. ಆಗಸ್ಟಿನ ಪತ್ರದಲ್ಲಿ ನೀನು ಕೇಳಿದ್ದೆ, "ಇಲ್ಲಿ ರೇಡಿಯೋ ಇಲ್ಲ, ಪೇಪರೂ ಇಲ್ಲ, ಅಣ್ಣನ ಪಂದ್ಯಗಳನ್ನೆಲ್ಲ ಒಂದೊಂದಾಗಿ ಬರೆಯಮ್ಮ" ಅಂತ. ಸರಿ, ಹಾಗೇ ಬರೆಯುತ್ತೇನೆ. ಬೇರೆ ರೀತಿ ಹೇಳುವುದಕ್ಕೂ ನನಗೆ ಬಾರದು.

ಸೆಪ್ಟೆಂಬರಿನಲ್ಲಿ ಆಕ್ರನ್‌ನವರು ನಮ್ಮೂರಿಗೆ ಬಂದಿದ್ದರು. ಸುಡುಬಿಸಿಲು, ಪೂಜೆ ಮುಗಿಸಿ ಜನ ನೇರವಾಗಿ ಮೈದಾನಕ್ಕೇ ಹೋದರು. ನಮ್ಮ ಪೈಲಟ್ಸ್ ಫುಟ್ಬಾಲ್ ತಂಡ ಸುಲಭವಾಗಿ ಗೆದ್ದಿತು. ಎಮಿಲ್ ಆ ದಿನ ಎಷ್ಟು ಹೊಲುಬ್ಕಿ ತಿಂದ ಎಂದರೆ, ಮಾರನೆಯ ದಿನಕ್ಕೆಂದು ಎಲೆಕೋಸಿನಲ್ಲಿ ಸುತ್ತಿಟ್ಟಿದ್ದ ಮಾಂಸವೂ ಉಳಿಯಲಿಲ್ಲ. ನಿನಗೆ ಗೊತ್ತಲ್ಲ, ಅವನದು ಯಾರೂ ಹೆಸರು ಕೂಗದ ಜಾಗ. ಸಾಲಿನ ನಡುವೆ ಬಗ್ಗಿ ನಿಂತು ಕಾಲುಗಳ ಸಂದಿನಿಂದ ಚೆಂಡನ್ನು ಹಿಂದಿರುವ ವೆಂಡೆಲ್ ಪ್ರಯರ್ ಕೈಗೆ ಕೊಡಬೇಕು, ಕೊಟ್ಟ ಮರುಕ್ಷಣವೇ ಎದುರಿನ ದಾಂಡಿಗರು ವೆಂಡೆಲ್‌ನ ಮೇಲೆ ಬೀಳದಂತೆ ತನ್ನ ಮೈಯನ್ನೇ ಅಡ್ಡ ಕೊಡಬೇಕು. ಚೆಂಡೆಸೆದ ವೆಂಡೆಲ್‌ನ ಚಿತ್ರ ಪೇಪರಿನಲ್ಲಿ ಬರುತ್ತದೆ, ನಮ್ಮವನದು ಅವನ ಕಾಲ ಬಳಿ ಬೆನ್ನು ಮಾತ್ರ. ಅದರ ಮುಂದಿನ ವಾರ ಟೊಲೀಡೊದಲ್ಲಿ ಒಂದೇ ಒಂದು ಒದೆತದಿಂದ ಸೋತರು. ನಿಮ್ಮಪ್ಪ ರೇಡಿಯೋಗೆ ಬೆನ್ನು ತಿರುಗಿಸಿ ಕೂತು ರಾತ್ರಿಯ ಊಟ ಬಿಟ್ಟರು. ಈ ವರ್ಷ ತಂಡ ಚೆನ್ನಾಗಿದೆ ಎಂದು ನನಗೆ ಗೊತ್ತಾದದ್ದೇ ಆಗ. ಕೆಟ್ಟ ತಂಡ ಸೋತರೆ ಅವರು ಊಟ ಬಿಡುವವರಲ್ಲ.

ಮೂರನೆಯದು ಲೂಯಿವಿಲ್‌ನವರ ಜೊತೆ, ಮತ್ತೆ ನಮ್ಮೂರಲ್ಲೇ. ಯಾರದೋ ಮಂಡಿ ಎಮಿಲ್‌ನ ತಲೆಗೆ ತಗುಲಿತು. ಬಿದ್ದ, ಎದ್ದ, ಮೈ ಕೊಡವಿಕೊಂಡು ನೆಟ್ಟಗೆ ನಡೆದು ಹೋಗಿ ಲೂಯಿವಿಲ್‌ನವರ ಬೆಂಚಿನ ಮೇಲೆ ಕೂತುಬಿಟ್ಟನಂತೆ. ಇಡೀ ಮೈದಾನ ನಕ್ಕಿತಂತೆ. ಮನೆಗೆ ಬಂದು ನಿಮ್ಮಪ್ಪ ಅದನ್ನು ಅಭಿನಯಿಸಿ ತೋರಿಸಿದರು. "ಅವರ ನೀರು ನಮ್ಮದಕ್ಕಿಂತ ತಣ್ಣಗಿತ್ತು ಅಮ್ಮಾ" ಎಂದು ಎಮಿಲ್ ಕೂಡ ನಕ್ಕ. ನಾನೂ ನಕ್ಕೆ. ಆ ಪಂದ್ಯ ಗೆದ್ದರು, ಅದರ ಹಿಂದೆಯೇ ಡುಲೂತ್ ಮತ್ತು ಬಫಲೋಗಳಿಗೆ ಹೋಗಿ ಅಲ್ಲೂ ಗೆದ್ದು ಬಂದರು. ಊರಿಗೆ ಹುಚ್ಚು ಹಿಡಿಯಿತು. ಬೇಕರಿಯ ಚರ್ನಿ ಕೇಕಿನ ಮೇಲೆ ಸಕ್ಕರೆಯಲ್ಲಿ ತಂಡದ ಗುರುತಾದ ಹಡಗು ಬರೆದು ಮಾರತೊಡಗಿದ. ಇನ್ನೂರು ಜನರನ್ನು ಕೆಲಸದಿಂದ ತೆಗೆದ ಉಕ್ಕಿನ ಕಾರ್ಖಾನೆಯ ಬಾಗಿಲಲ್ಲೂ ತಂಡದ ಬಾವುಟ. ಕೆಲಸ ಕಳೆದುಕೊಂಡವರೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರು. ಅವರಿಗೆ ಬೇರೆ ಇನ್ನೇನಿತ್ತು ಹೇಳು.

ಆರನೆಯ ಪಂದ್ಯಕ್ಕೆ ಮಿಲ್ವಾಕಿಗೆ ಹೋದರು. ಸಮ ಸಮ ಆಯಿತು, ಯಾರೂ ಗೆಲ್ಲಲಿಲ್ಲ. ರೈಲಿಳಿದು ಎಮಿಲ್ ಕಾರು ಹತ್ತಿ ಕಾರ್ವರ್ ಬೀದಿಗೆ ಹೋದ. ಕಾರ್ವರ್ ಬೀದಿ, ವೆರೋನಾ! ನಾವು ಬಿಟ್ಟು ಹತ್ತು ವರ್ಷವಾದ ಮನೆ. ಕೀಲಿ ಹಾಕಿದ್ದಾನೆ, ಬಾಗಿಲು ತೆರೆಯಲಿಲ್ಲ, ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಾನೆ. ಈಗ ಅಲ್ಲಿರುವ ಹೆಂಗಸು ಒಳ್ಳೆಯವಳು, ನಮಗೆ ಫೋನು ಮಾಡಿದಳು. ನಿಮ್ಮಪ್ಪ ಕರೆದುಕೊಂಡು ಬಂದಾಗ ಎಮಿಲ್‌ಗೆ ನಾಚಿಕೆ. "ಸುಸ್ತಾಗಿತ್ತು ಅಮ್ಮಾ, ಏನೋ ಯೋಚನೇಲಿದ್ದೆ." ತಂಡದ ಡಾಕ್ಟರು ಕಣ್ಣಿಗೆ ದೀಪ ಹಿಡಿದು ನೋಡಿ ಒಂದು ವಾರ ಕೂರಿಸಿದರು.

ಆ ವಾರವೇ ರಾಚೆಸ್ಟರ್ ನಮ್ಮನ್ನು ಮಣ್ಣು ಮುಕ್ಕಿಸಿತು. ಎಮಿಲ್‌ನ ಜಾಗದಲ್ಲಿ ಕಿಂಬ್ರೋ ಎಂಬವನನ್ನು ನಿಲ್ಲಿಸಿದ್ದರು. ಪಾಪ ಒಳ್ಳೆಯ ಹುಡುಗ, ಆದರೆ ಗಾಳಿಗೆ ಹಾರುವ ತಡಿಕೆ. ವೆಂಡೆಲ್ ಅಷ್ಟು ಸಲ ನೆಲಕ್ಕೆ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಆಗ ಮೊದಲ ಸಲ ಜನ ನಮ್ಮ ಮನೆತನದ ಹೆಸರು ಕೂಗಿದರು, "ಹುಡಾಕ್! ಹುಡಾಕ್!" ಎಂದು. ಹನ್ನೊಂದು ವರ್ಷ ಆಡಿದವನ ಹೆಸರು ಅವನು ಕೂತಾಗ ಅವರಿಗೆ ನೆನಪಾಯಿತು. ಎಮಿಲ್‌ನ ಮುಖ ಆ ಸಂಜೆ ಹೇಗೆ ಹೊಳೆಯುತ್ತಿತ್ತೆಂದು ನಿನಗೆ ಬರೆಯಲಾರೆ. ಮುಂದಿನ ಭಾನುವಾರ ಲೂಯಿವಿಲ್‌ಗೆ ಹೋಗಿ ಆಡಿದ, ಗೆದ್ದರು. ಅದಾದ ಮೇಲೆ ಡುಲೂತ್‌ನವರು ಇಲ್ಲಿಗೆ ಬಂದರು, ಅದನ್ನೂ ಗೆದ್ದರು.

ಸೋಮವಾರ ವೆಂಡೆಲ್ ಎಂದಿನಂತೆ ಊಟಕ್ಕೆ ಬಂದಿದ್ದ. ತಟ್ಟೆ ಎತ್ತಿಕೊಡುವ ನೆಪದಲ್ಲಿ ಅಡುಗೆಮನೆಗೆ ಬಂದು ಬಾಗಿಲು ಮುಂದಕ್ಕೆ ಮಾಡಿದ. "ಮಿಸೆಸ್ ಹುಡಾಕ್, ನಿಮಗೆ ಹೇಳದೆ ಇದ್ರೆ ನಾನು ಪಾಪಿ ಆಗ್ತೀನಿ. ಚೆಂಡು ಯಾವಾಗ ಕೊಡ್ಬೇಕು ಅನ್ನೋದೇ ಅವನಿಗೆ ನೆನಪಿರಲ್ಲ. ನಾನು ಒಂದು, ಎರಡು ಅಂತ ಕೂಗೋ ಲೆಕ್ಕ ಅವನ ಕಿವಿಗೆ ಬೀಳುತ್ತೆ, ತಲೆಗೆ ಹೋಗಲ್ಲ. ಲೂಯಿವಿಲ್‌ನಿಂದ ನಾನು ಅವನ ಸೊಂಟಕ್ಕೆ ಬೆರಳಲ್ಲಿ ಒತ್ತಿ ಹೇಳ್ತಿದೀನಿ, ಈಗ ಕೊಡು ಅಂತ." ಅಷ್ಟು ಎತ್ತರದ ಮನುಷ್ಯ ನಮ್ಮ ಒಲೆಯ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಬೇರೆ ಯಾರಿಗೆ ಹೇಳಿದ್ದೀಯಪ್ಪಾ ಎಂದೆ. "ಹೇಳಿದ್ರೆ ಅವನನ್ನ ಮನೆಗೆ ಕಳಿಸ್ತಾರೆ. ಕಳಿಸಿದ್ರೆ ನನ್ನನ್ನ ಜೀವಮಾನ ಕ್ಷಮಿಸಲ್ಲ ಅವನು" ಎಂದ.

ಮಾರನೆಯ ದಿನ ಟೋಪಿ ಹಾಕಿಕೊಂಡು ಬಸ್ಸು ಹತ್ತಿ ಕೋಚ್ ಡನ್‌ಲೀವಿಯ ಮನೆಗೆ ಹೋದೆ. ಅಂಗಳದಲ್ಲಿ ಒಣಗಿದೆಲೆ ಗುಡ್ಡೆ ಹಾಕುತ್ತಿದ್ದ. ಎಲ್ಲ ಕೇಳಿಸಿಕೊಂಡ. "ಡಾಕ್ಟರು ಆಡಬಹುದು ಅಂದಿದಾರೆ, ಮಿಸೆಸ್ ಹುಡಾಕ್. ಅವನೇ ಬಂದು ಆಡ್ತೀನಿ ಅಂತಾನೆ. ನಾನು ಬೇಡ ಅಂದ್ರೆ ಈ ಊರಿನವರು ನನ್ನ ಮನೆ ಕಿಟಕಿ ಒಡೀತಾರೆ." ಕಿಟಕಿಗೆ ಹೊಸ ಗಾಜು ಹಾಕಿಸಬಹುದು ಸಾರ್, ಎಂದೆ. ಅವನು ಎಲೆಯ ಗುಡ್ಡೆಯನ್ನು ಕಾಲಿನಿಂದ ಒತ್ತಿ ಮಾತು ಕೊಟ್ಟ, ಈ ಭಾನುವಾರ ಕೂರಿಸುತ್ತೇನೆ ಎಂದು.

ಕೂರಿಸಿದ. ಸುಳ್ಳು ಹೇಳಬಾರದು. ಬಫಲೋದವರು ಮೊದಲರ್ಧದಲ್ಲೇ ಬಹಳ ಮುಂದೆ ಹೋದರು. ನಾನು ಮನೆಯಲ್ಲಿ ಗಸಗಸೆ ಅರೆಯುತ್ತಾ ರೇಡಿಯೋ ಕೇಳುತ್ತಿದ್ದೆ. ಮತ್ತೆ ಅದೇ ಕೂಗು ಶುರುವಾಯಿತು, ಹುಡಾಕ್, ಹುಡಾಕ್. ಆ ಸಾವಿರಾರು ದನಿಗಳಲ್ಲಿ ನಿಮ್ಮಪ್ಪನದೂ ಒಂದು. ಕೋಚ್ ಕರೆಯಲಿಲ್ಲವಂತೆ. ಎಮಿಲ್ ತಾನೇ ಎದ್ದು ಹೆಲ್ಮೆಟ್ ಹಾಕಿಕೊಂಡು ಒಳಗೆ ಓಡಿದನಂತೆ, ತಡೆಯಲು ಯಾರಿಗೂ ಮನಸ್ಸು ಬರಲಿಲ್ಲ. ಗೆದ್ದರು.

ಅವತ್ತು ನಮ್ಮ ಮನೆಯಲ್ಲಿ ದೊಡ್ಡ ಜಗಳ. "ಅವನು ಮೂವತ್ಮೂರು ವರ್ಷದ ಗಂಡಸು ಕಣೇ! ಕಾರ್ಖಾನೇಲಿ ನನ್ನ ಕಾಲ ಮೇಲೆ ಕಬ್ಬಿಣ ಬಿದ್ದಾಗ ಮಾರನೇ ದಿನ ನಾನು ಕೆಲಸಕ್ಕೆ ಹೋಗ್ಲಿಲ್ವಾ?" ಎಂದರು ನಿಮ್ಮಪ್ಪ. "ಕಾಲು ಬೇರೆ, ತಲೆ ಬೇರೆ. ಕಾಲಿಗೆ ತಾಯಿ ಹೆಸರು ನೆನಪಿಟ್ಟುಕೊಳ್ಳೋ ಕೆಲಸ ಇಲ್ಲ" ಎಂದೆ. ಎಮಿಲ್ ನಮ್ಮಿಬ್ಬರ ನಡುವೆ ಬಂದು ನಿಂತ. ನನ್ನ ಎರಡೂ ಕೈ ಹಿಡಿದು, "ಇನ್ನು ಮೂರೇ ಪಂದ್ಯ ಅಮ್ಮಾ. ಈ ಊರಿಗೆ ಒಂದೇ ಒಂದ್ಸಲ ಕಪ್ ತಂದ್ಕೊಡ್ತೀನಿ. ಆಮೇಲೆ ನೀನು ಅಂಗಡಿ ಇಡು ಅಂದ್ರೆ ಅಂಗಡಿ, ಮದುವೆ ಆಗು ಅಂದ್ರೆ ಮದುವೆ" ಎಂದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಂದು, ಹೇಳಿದ್ದೇ ಮರೆತವನಂತೆ, ಅದನ್ನೇ ಹೇಳಿದ. ನಿಮ್ಮಪ್ಪ ಆಗ ನನ್ನ ಮುಖ ನೋಡಿದರು. ನೋಡಿ ಹೊರಗೆ ಹೋದರು. ಆಮೇಲೆ ನಾವಿಬ್ಬರೂ ಮಾತು ಬಿಟ್ಟೆವು, ಉಪ್ಪು ಬೇಕಾದರೂ ಬೆರಳು ತೋರಿಸುವಷ್ಟು.

ಹನ್ನೊಂದನೆಯದು ಆಕ್ರನ್‌ನಲ್ಲಿ, ಕೆಸರಿನಲ್ಲಿ. ಅದರ ಬಗ್ಗೆ ನನಗೇನೂ ಗೊತ್ತಿಲ್ಲ, ರೇಡಿಯೋ ಹಾಕಲಿಲ್ಲ. ಗೆದ್ದಿದ್ದರು. ಹೀಗೆ ಎಲ್ಲವೂ ಕೊನೆಯ ಪಂದ್ಯಕ್ಕೆ ಬಂದು ನಿಂತಿತು. ಟೊಲೀಡೊದವರು ನಮ್ಮೂರಿಗೆ ಬರುತ್ತಾರೆ, ಗೆದ್ದವರು ಮಿಲ್ವಾಕಿಯಲ್ಲಿ ಕಪ್ಪಿಗಾಗಿ ಆಡುತ್ತಾರೆ.

ನಾನೂ ಹೋದೆ, ವೆರೋನಾ. ಬೇಲಿಯ ಪಕ್ಕದ ಸಾಲಿನಲ್ಲಿ ನಿಮ್ಮಪ್ಪನ ಜೊತೆ ಕಂಬಳಿ ಹೊದ್ದು ಕೂತೆ. ಹಿಮ ಬೀಳುತ್ತಿತ್ತು, ಬಿಳಿ ಗೆರೆಗಳೇ ಕಾಣುತ್ತಿರಲಿಲ್ಲ. ಕೊನೆಯ ನಿಮಿಷದವರೆಗೂ ಟೊಲೀಡೊದವರು ಮುಂದಿದ್ದರು. ಆಗ ವೆಂಡೆಲ್ ಚೆಂಡನ್ನು ಎಸೆಯದೆ ಎದೆಗವಚಿಕೊಂಡು ಎಮಿಲ್‌ನ ಬೆನ್ನ ಹಿಂದೆಯೇ ನುಗ್ಗಿದ. ಎಮಿಲ್ ಇಬ್ಬರನ್ನು ಒಟ್ಟಿಗೆ ತಳ್ಳಿಕೊಂಡು ಹೋದದ್ದನ್ನು ಈ ಕಣ್ಣುಗಳಿಂದ ನೋಡಿದೆ. ದೇವರಾಣೆ, ಎತ್ತು ಗಾಡಿ ಎಳೆದ ಹಾಗೆ. ಅವನ ಮೇಲೆ ಹತ್ತು ಜನ ಬಿದ್ದರು, ಅವರಾಚೆ ಗೆರೆ ದಾಟಿ ವೆಂಡೆಲ್ ಬಿದ್ದಿದ್ದ. ಗೆದ್ದೆವು. ಬ್ಯಾಂಡಿನವರು, ಕಾರ್ಖಾನೆಯವರು, ಬೇಕರಿಯ ಚರ್ನಿ, ಎಲ್ಲರೂ ಮೈದಾನಕ್ಕೆ ನುಗ್ಗಿದರು. ಎಮಿಲ್ ಒಬ್ಬನೇ ಹಿಮದಲ್ಲಿ ಮಂಡಿಯೂರಿ ಕೂತಿದ್ದ. ಪ್ರಾರ್ಥನೆ ಮಾಡುತ್ತಿದ್ದಾನೆಂದುಕೊಂಡು ನಾನೂ ಶಿಲುಬೆಯ ಗುರುತು ಹಾಕಿಕೊಂಡೆ. ಎರಡು ವಾರದಿಂದ ಮಾತಾಡದಿದ್ದ ನಿಮ್ಮಪ್ಪ ನನ್ನ ತೋಳು ಹಿಡಿದರು. "ಲುದ್ಮಿಲಾ, ಅದು ಪ್ರಾರ್ಥನೆ ಅಲ್ಲ, ಅವನು ಬರೀ ಗೋಡೆ ಕಡೆ ನೋಡ್ತಿದಾನೆ" ಎಂದವರೇ ಬೇಲಿ ಹತ್ತಿ ಹಾರಿದರು, ಅರವತ್ತೆಂಟು ವರ್ಷದ ಮನುಷ್ಯ. ನಾನು ಗೇಟಿನಿಂದ ಸುತ್ತಿ ಬರುವಷ್ಟರಲ್ಲಿ ಅವನ ತಲೆ ಅಪ್ಪನ ತೊಡೆಯ ಮೇಲಿತ್ತು. ಎಮಿಲ್ ಕಣ್ಣು ಬಿಟ್ಟು, "ಅಪ್ಪಾ, ಶಿಫ್ಟ್ ಮುಗೀತಾ?" ಎಂದ. ನಿಮ್ಮಪ್ಪ, "ಮುಗೀತು ಮಗಾ, ನಡಿ ಮನೆಗೆ ಹೋಗೋಣ" ಎಂದರು. ಅಷ್ಟರಲ್ಲಿ ಎಮಿಲ್‌ಗೆ ಪ್ರಜ್ಞೆ ಹೋಗಿತ್ತು. ಸುತ್ತ ಜನ ಇನ್ನೂ ಕುಣಿಯುತ್ತಿದ್ದರು.

ಬುರುಡೆಗೂ ಮಿದುಳಿಗೂ ನಡುವೆ ರಕ್ತ ಹೆಪ್ಪುಗಟ್ಟಿತ್ತಂತೆ, ವಾರಗಳಿಂದ ಸ್ವಲ್ಪ ಸ್ವಲ್ಪವಾಗಿ. ತಲೆ ಬೋಳಿಸಿ, ಮೂಳೆ ಕೊರೆದು ತೆಗೆದರು. ಕಣ್ಣು ಬಿಡುವವರೆಗೆ ನಾವು ಆಸ್ಪತ್ರೆಯ ಓಣಿಯ ಬೆಂಚಿನಲ್ಲೇ ಇದ್ದೆವು. ಕಪ್ಪಿನ ಪಂದ್ಯದ ದಿನ ನರ್ಸಮ್ಮ ಪಾಪ ಒಳ್ಳೆಯ ಮನಸ್ಸಿನಿಂದ ಚಿಕ್ಕ ರೇಡಿಯೋ ತಂದಿಟ್ಟಳು. "ಬೇಡಮ್ಮಾ, ದಯವಿಟ್ಟು ಆರಿಸಿಬಿಡಿ" ಎಂದರು ನಿಮ್ಮಪ್ಪ. ಸೋತರಂತೆ. ಮಾರನೆಯ ಬೆಳಿಗ್ಗೆ ವೆಂಡೆಲ್ ಮಿಲ್ವಾಕಿಯಿಂದ ನೇರವಾಗಿ ಬಂದ, ತುಟಿ ಒಡೆದು ಊದಿತ್ತು. ಎಮಿಲ್ ಅಷ್ಟರಲ್ಲಿ ಎಚ್ಚರವಾಗಿದ್ದ. ವೆಂಡೆಲ್‌ನನ್ನು ನೋಡಿ ಬಹಳ ಮರ್ಯಾದೆಯಿಂದ, "ನೀವು ಅಪ್ಪನ ಜೊತೆ ಕೆಲಸ ಮಾಡ್ತೀರಾ ಸಾರ್?" ಎಂದ. ವೆಂಡೆಲ್ ಹೌದೆಂದ. ಕೈ ಹಿಡಿದು ಕೂತು ಕುಲುಮೆಯ ವಿಷಯ, ಕ್ರೇನಿನ ವಿಷಯ ಏನೇನೋ ಹೇಳಿದ, ಕಾರ್ಖಾನೆಯ ಒಳಗನ್ನು ಅವನು ಯಾವತ್ತೂ ಕಂಡವನಲ್ಲ. ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದವನನ್ನು ಆಮೇಲೆ ನಾನೇ ಎಬ್ಬಿಸಿ ಕಳಿಸಿದೆ.

ಈಗ ಹೇಗಿದ್ದಾನೆಂದರೆ, ನಡೆಯುತ್ತಾನೆ, ಉಣ್ಣುತ್ತಾನೆ, ಬೂಟಿನ ಲೇಸು ಕಟ್ಟಿಕೊಳ್ಳುತ್ತಾನೆ. ಅಜ್ಜಿ ಕಲಿಸಿದ ಪ್ರಾರ್ಥನೆ ಒಂದಕ್ಷರ ತಪ್ಪದೆ ಬರುತ್ತದೆ. ಫುಟ್ಬಾಲ್ ಆಡಿದ್ದು ಮಾತ್ರ ಗೊತ್ತಿಲ್ಲ, ಒಂದು ವರ್ಷವೂ ಇಲ್ಲ. ಬೇಸಿಗೆಯ ಹೊತ್ತಿಗೆ ಕೆಲವು ಮರಳಬಹುದು, ಕೆಲವು ಬಾರದಿರಬಹುದು ಎನ್ನುತ್ತಾರೆ ಡಾಕ್ಟರು. ಊರಿನವರು ಕೇಕು ಕಳಿಸುತ್ತಾರೆ. ಕೋಚ್ ಒಮ್ಮೆ ಬಂದು ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದು ಹೋದ, ನಾನು ಕಾಫಿ ಕುಡಿಯಲು ಕರೆದೆ, ಬರಲಿಲ್ಲ. ನಿಮ್ಮಪ್ಪ ದಿನಾ ಬೆಳಿಗ್ಗೆ ಎಮಿಲ್‌ಗೆ ಗಡ್ಡ ಹೆರೆಯುತ್ತಾರೆ. ಪೈಪಿನ ಹೊಗೆ ಕಂಡರೆ ಅವನು ಕಾರ್ಖಾನೆಗೆ ಬೆಂಕಿ ಬಿತ್ತೆಂದು ಹೆದರುತ್ತಾನೆ, ಅದಕ್ಕೇ ಬಿಟ್ಟದ್ದು. ನಾವಿಬ್ಬರೂ ಈಗ ಮಾತಾಡುತ್ತೇವೆ. ಯಾರ ತಪ್ಪೆಂಬ ಮಾತು ಮಾತ್ರ ಎತ್ತುವುದಿಲ್ಲ.

ನಿನ್ನ ಬೆರಳುಗಳನ್ನು ಬೆಚ್ಚಗಿಡು. ನಿನ್ನ ಜೊತೆಯ ಸಿಸ್ಟರುಗಳಿಗೆಲ್ಲ ನಮ್ಮ ನಮಸ್ಕಾರ ತಿಳಿಸು. ಮರಿಯಮ್ಮ ನಿನ್ನನ್ನು ತನ್ನ ಸೆರಗಿನ ಮರೆಯಲ್ಲಿ ಕಾಯಲಿ. ಅಪ್ಪನ ಮುತ್ತುಗಳು.

ನಿನ್ನ ಅಮ್ಮ,
ಲುದ್ಮಿಲಾ ಹುಡಾಕ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಬರೆಯಬಾರದೆಂದುಕೊಂಡಿದ್ದೆ, ಆಗುತ್ತಿಲ್ಲ. ದಿನಾ ಸಂಜೆಯಾದರೆ ಎಮಿಲ್ ಕೋಟು ಹಾಕಿಕೊಳ್ಳುತ್ತಾನೆ. "ವೆರ್ಕಾ ಇನ್ನೂ ಶಾಲೆಯಿಂದ ಬಂದಿಲ್ಲ ಅಮ್ಮಾ, ಕತ್ತಲಾಗ್ತಿದೆ. ಹೋಗಿ ಕರ್ಕೊಂಡ್ ಬರ್ತೀನಿ" ಎನ್ನುತ್ತಾನೆ. ನಿಮ್ಮಪ್ಪ ಬೀದಿಯ ತುದಿಯವರೆಗೆ ಜೊತೆಗೆ ಹೋಗಿ, ನೀನು ಗೆಳತಿಯ ಮನೆಯಲ್ಲಿದ್ದೀಯೆಂದು ಏನೋ ಒಂದು ಹೇಳಿ ತಿರುಗಿಸಿಕೊಂಡು ಬರುತ್ತಾರೆ. ಅವನು ನಂಬಿ ಮಲಗುತ್ತಾನೆ. ನೀವು ಹೊರಗೆ ಬರುವ ಹಾಗಿಲ್ಲವೆಂದು ಬಲ್ಲೆ, ಆದರೂ ಮದರ್ ಅವರ ಕಾಲು ಹಿಡಿದು ಕೇಳು, ಒಂದೇ ಒಂದು ಮಧ್ಯಾಹ್ನ. ಮುಸುಕಿಲ್ಲದೆ ಬರಲು ಬಿಡುತ್ತಾರಾ ಎಂದೂ ಕೇಳು, ಆಸ್ಪತ್ರೆಯಿಂದ ಬಂದಾಗಿನಿಂದ ಪಾದ್ರಿ, ನರ್ಸು, ಯಾರನ್ನು ಅಂಥ ಉಡುಪಿನಲ್ಲಿ ಕಂಡರೂ ಅವನು ಹೆದರಿ ಮಂಚದ ಕೆಳಗೆ ಹೋಗುತ್ತಾನೆ. ನೀನು ಇಲ್ಲೇ ಬಿಟ್ಟುಹೋದ ಕಂದು ಕೋಟನ್ನು ಗಾಳಿಗೆ ಹಾಕಿದ್ದೇನೆ. ನೀನು ಬೆಳೆದುಬಿಟ್ಟಿದ್ದೀಯ, ಗುರುತು ಸಿಗದೆಯೂ ಇರಬಹುದು, ನಿನ್ನ ಮುಖ ನೋಡಿಯೂ ವೆರ್ಕಾ ಎಲ್ಲಿ ಎಂದು ನಿನ್ನನ್ನೇ ಕೇಳಬಹುದು. ಆದರೂ ಬಾ.