ಸ್ಟ್ರೆಚರ್ ಸೇರಿ ಹುಲಿಯ ತೂಕ

3, ಸೋಮವಾರ, ಬೆಳಿಗ್ಗೆ 11
ಇವತ್ತು ಎಂಟು ಹುಲಿ ಮುಗಿಸಿದೆ! ಅಂದರೆ, ಇವರ ಫೀಲ್ಡ್ ಪುಸ್ತಕದಿಂದ ಎಂಟರ ತೂಕ ಲ್ಯಾಪ್‌ಟಾಪಿಗೆ ಹತ್ತಿಸಿದೆ. ಅಕ್ಷರವೂ ಎಷ್ಟು ಮುದ್ದು ಇವರದು! ಮದುವೆಯಾಗಿ ಇಪ್ಪತ್ತಾರು ದಿನ. ಜೊತೆಗಿದ್ದದ್ದು ಒಂಬತ್ತು. "ಕಾಡಿನ ಡಾಕ್ಟರನ್ನ ಕಟ್ಕೊಂಡಿದ್ದೀಯ, ಗೋಡೆ ಜೊತೆ ಮಾತಾಡೋದು ಕಲಿ" ಎಂದಿದ್ದರು ಅತ್ತೆ. ಕಲಿಯುತ್ತಿದ್ದೇನೆ...

4, ಮಂಗಳವಾರ
ಫೋನ್ ಬಂತು! ಮೂರೇ ನಿಮಿಷ. ಕ್ಯಾಂಪಿನಲ್ಲಿ ಸಿಗ್ನಲ್ ಬೇಕಾದರೆ ನೀರಿನ ಟ್ಯಾಂಕ್ ಹತ್ತಬೇಕಂತೆ.
"ರೀ, ಗಂಡು ಹುಲಿ ಸರಾಸರಿ ಇನ್ನೂರ ಹದಿನಾಲ್ಕು ಕೆಜಿ. ಹೆಣ್ಣು ನೂರ ನಲವತ್ತೊಂಬತ್ತು."
"ಅಬ್ಬಾ! ಚೆನ್ನಾಗಿ ತಿಂದು ಕೊಬ್ಬಿವೆ ಹಾಗಾದ್ರೆ."
"ಹೆಂಡತಿ ತೂಕ ಗೊತ್ತಾ ನಿಮಗೆ?"
"ಐವತ್ತೈದು. ಒಳ್ಳೇ ಗಂಡು ಚಿರತೆ ಕಣೇ ನೀನು."
ಎತ್ತಿದ್ದು ಒಂದೇ ಸಲ, ಗೇಟಿನ ಹತ್ತಿರ ಕೆಸರು ದಾಟಿಸಲು. ಒಂದು ಕೆಜಿಯೂ ತಪ್ಪಿಲ್ಲ! ದಿನವಿಡೀ ಒಬ್ಬಳೇ ನಕ್ಕೆ.
ಶುಕ್ರವಾರ ರಿಪೋರ್ಟ್ ಹೋದರೆ ಶನಿವಾರ ಮನೆಗೆ. ಹತ್ತು ದಿನ ರಜೆ. ಹತ್ತು!!

6, ಗುರುವಾರ, ಮಧ್ಯಾಹ್ನ
ಕೆಟ್ಟೆ. ಪುಸ್ತಕದ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ: "ತೂಕವೆಲ್ಲ ಸ್ಟ್ರೆಚರ್ ಸೇರಿ. ದೊಡ್ಡದು 14, ಚಿಕ್ಕದು 8." ಮಂಪರು ಬಂದ ಹುಲಿಯನ್ನು ಸ್ಟ್ರೆಚರಿನಲ್ಲಿ ಮಲಗಿಸಿ, ಹಾಗೆಯೇ ತಕ್ಕಡಿಗೆ ನೇತುಹಾಕುತ್ತಾರೆ. ನಾನು ಕಳೆದೇ ಇಲ್ಲ! ಯಾವ ಹುಲಿಗೆ ಯಾವ ಸ್ಟ್ರೆಚರ್ — ಅದು ಕ್ಯಾಂಪಿನ ಇನ್ನೊಂದು ಪುಸ್ತಕದಲ್ಲಿ. ಹೇಳಿದರೆ ಇವರು ಅಲ್ಲೇ ಕೂತು ಎಲ್ಲವನ್ನೂ ಮತ್ತೆ ನೋಡಬೇಕು. ಶನಿವಾರ ಹೋಯಿತು. ಹೇಳದಿದ್ದರೆ? ಹುಲಿಯೇನು ಬಂದು ಜಗಳ ಕಾಯುತ್ತದೆಯೇ?
ಆದರೆ ಮಂಪರು ಮದ್ದಿನ ಡೋಸ್ ಹಾಕುವುದು ಇದೇ ಸರಾಸರಿ ನೋಡಿ. ತೂಕ ಹೆಚ್ಚೆಂದರೆ ಮದ್ದೂ ಹೆಚ್ಚು...

7, ಶುಕ್ರವಾರ, ಬೆಳಿಗ್ಗೆ 8
ಇವರು ಟ್ಯಾಂಕ್ ಹತ್ತಿ ಫೋನ್ ಮಾಡಿದರು. ಹೇಳಿದೆ.
"ರಟ್ಟು ನೋಡು ಅಂತ ನಾನೇ ಹೇಳ್ಬೇಕಿತ್ತು. ಈಗ ಹೇಳಿದ್ದು ಒಳ್ಳೇದಾಯ್ತು, ಹತ್ತು ಗಂಟೆಗೆ ಒಂದು ಹೆಣ್ಣು ಹುಲಿಗೆ ಮದ್ದು ತುಂಬೋದಿತ್ತು."
"ನಾಳೆ?"
"ನಾಳೆ ಬಿಡು ಕಣೇ. ಇವತ್ತು ರಿಪೋರ್ಟ್ ಹೋಗ್ಲಿಲ್ಲ ಅಂದ್ರೆ ಈ ರಜೆ ಸಿಗಲ್ಲ. ಮುಂದಿನ ತಿಂಗಳು ನೋಡೋಣ. ಅಳ್ತಿದ್ದೀಯಾ?"
"ಇಲ್ಲಪ್ಪ, ನೆಗಡಿ."

8, ಶನಿವಾರ, ಸಂಜೆ 5
ಬಸ್ಸು ಬಂತು. ನೋಡಬಾರದು ಎಂದುಕೊಂಡೇ ಕಿಟಕಿಗೆ ಹೋದೆ. ಮೂವರು ಇಳಿದರು. ಒಬ್ಬರ ನಡಿಗೆ ಥೇಟ್ ಇವರದೇ — ಅಲ್ಲ.
ತಿದ್ದಿದ ಸರಾಸರಿ ಕಳಿಸಿದ್ದಾರೆ. ಗಂಡು 202, ಹೆಣ್ಣು 139. ಈಗ ಸರಿಯಾಗಿದೆ. ತುಂಬಾ ಸರಿಯಾಗಿದೆ. ಟೈಪ್ ಮಾಡೋಣವೆಂದು ಕೂತೆ, ಆದರೆ ಈ ನೆಗಡಿ ಬಿಡುತ್ತಿಲ್ಲ.