ಮೊದಲು ಅಲುಗಿದ ಹಲ್ಲು

ದಾಂಡೇಲಿ
೯ ಡಿಸೆಂಬರ್ ೨೦೨೪

ಅವ್ವಾ,

ನಿನ್ನ ಮಗಳು ಸ್ಟೆಲ್ಲಾ ಬರೆಯುತ್ತಿದ್ದೇನೆ. ಐದು ವರ್ಷ ಮಾತು ಬಿಟ್ಟವಳಿಗೆ ಫೋನ್ ಮಾಡುವ ಧೈರ್ಯ ಬರಲಿಲ್ಲ. ನೀನು ಅತ್ತರೆ ನಾನು ಹೇಳಬೇಕಾದದ್ದನ್ನು ಹೇಳದೆ ಫೋನ್ ಇಟ್ಟುಬಿಡುತ್ತೇನೆ.

ತಮ್ಮ ಮೈಕಲ್ ಮೊನ್ನೆ ಬಂದಿದ್ದ. "ಅವ್ವ ಈ ಕ್ರಿಸ್ಮಸ್‌ಗೆ ಕರಿಷ್ಮಾನ್ನ ಒಮ್ಮೆ ನೋಡ್ಬೇಕಂತಾಳ ಅಕ್ಕಾ. ಕುಂಬಾರವಾಡಕ್ಕ ಕರ್ಕೊಂಡು ಬಾ" ಅಂದ. ನಾನು ಬರುವುದಿಲ್ಲ, ಮಗಳನ್ನೂ ಕಳಿಸುವುದಿಲ್ಲ. ಯಾಕೆಂದು ಊರಿಗೆಲ್ಲ ಗೊತ್ತು. ಆದರೂ ಬರೆಯುತ್ತೇನೆ.

ಐದು ವರ್ಷದ ಹಿಂದಿನ ಆ ಬೇಸಿಗೆ, ನಾನು ದುಡಿಯುತ್ತಿದ್ದ ರೆಸಾರ್ಟಿನ ಅಡುಗೆಮನೆಯಲ್ಲಿ ಉಸಿರಾಡಲು ಬಿಡುವಿರಲಿಲ್ಲವೆಂದು ನಾಲ್ಕು ವರ್ಷದ ಕೂಸನ್ನು ನಿನ್ನ ಹತ್ತಿರ ಬಿಟ್ಟೆ. ಕೆಳದವಡೆಯ ಹಲ್ಲು ಅಲುಗುತ್ತಿದೆಯೆಂದು ನೀನು ಹಿಗ್ಗಿದೆ. "ಶ್ಯಾಣ್ಯಾಕಿ ನನ್ನ ಮೊಮ್ಮಗಳು, ಎಲ್ಲಾರಿಗಿಂತ ಮೊದಲ ಹಲ್ಲು ಬೀಳಾಕತ್ಯಾವ" ಎಂದು ನೆರೆಮನೆಯವರಿಗೆಲ್ಲ ಹೇಳಿದೆಯಂತೆ. ದಾರ ಕಟ್ಟಿ ಎಳೆದೆ. ರಕ್ತ ನಿಲ್ಲಲಿಲ್ಲ, ಅರಿಶಿನ ಒತ್ತಿದೆ. ವಾರದಲ್ಲಿ ಪಕ್ಕದ್ದೂ ಅಲುಗಿತು, ಕೆನ್ನೆ ಊದಿತು. ಗದ್ದಬಾವು ಎಂದುಕೊಂಡು ಬೇವಿನ ಸೊಪ್ಪು ಅರೆದು ಹಚ್ಚಿದೆ. ನನಗೆ ಸುದ್ದಿ ಮುಟ್ಟಿಸಿದ್ದು ಆರು ವಾರದ ಮೇಲೆ, ಅವಳು ಗಂಜಿಯನ್ನೂ ನುಂಗದಾದಾಗ.

ಹಳಿಯಾಳದ ಹಲ್ಲಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು. "ಇದು ಹಲ್ಲಿನ ಬ್ಯಾನಿ ಅಲ್ಲವ್ವ. ಹಲ್ಲು ಹಿಡಕೊಳ್ಳಾಕ ಎಲುಬ ಉಳಿದಿಲ್ಲ. ಇವತ್ತ ಹುಬ್ಬಳ್ಳಿಗೆ ಹೋಗ್ರಿ" ಅಂದರು. ಹುಬ್ಬಳ್ಳಿಯಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿದರು. ಮೂತ್ರಪಿಂಡದ ಮೇಲೆ ಗಡ್ಡೆ. ಕ್ಯಾನ್ಸರ್ ಅಲ್ಲಿಂದ ದವಡೆಗೆ ಹರಡಿತ್ತು. ನೀನು ವಾರ್ಡಿನ ಬಾಗಿಲಿಗೆ ಬಂದಾಗ ಎಲ್ಲರೆದುರು ನಿನ್ನನ್ನು ಕೊಲೆಗಡುಕಿ ಅಂದೆ. ತಂದಿದ್ದ ಡಬ್ಬಿಯನ್ನು ನೀನು ನೆಲಕ್ಕಿಟ್ಟು ಹೋದೆ.

ಹದಿನೆಂಟು ತಿಂಗಳು ಕೀಮೋ, ಆಪರೇಶನ್, ದವಡೆಗೆ ರೇಡಿಯೇಶನ್. ಬದುಕಿದಳು. ದೇವರು ದೊಡ್ಡವನು ಅಂದು ಎಲ್ಲರೂ ಮನೆಗೆ ಹೋದರು. ಆಮೇಲಿನದನ್ನು ನೋಡುತ್ತಿರುವವಳು ನಾನು. ಅವಳಿಗೆ ಒಂಬತ್ತು ವರ್ಷವಾದರೂ ಕೆಳಗೆ ಬಂದ ಹೊಸ ಹಲ್ಲು ಮೂರೇ, ಅಕ್ಕಿಕಾಳಿನಷ್ಟು. ಆ ಚಿಕಿತ್ಸೆಯಿಂದ ಉಳಿದವು ವಸಡಿನೊಳಗೆ ಹುಟ್ಟಲೇ ಇಲ್ಲವಂತೆ. ಬಂದವಕ್ಕೂ ಬೇರು ಗಿಡ್ಡ. ಗದ್ದ ಒಂದು ಕಡೆ ಬೆಳೆದಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡುತ್ತೇನೆ. ಶಾಲೆಯಲ್ಲಿ ಅವಳನ್ನು ಮುದುಕಿ ಎಂದು ಕರೆಯುತ್ತಾರೆ. ತರಗತಿಯ ಫೋಟೋದಲ್ಲಿ ಎಲ್ಲ ಮಕ್ಕಳೂ ನಗುತ್ತಿದ್ದಾರೆ, ಇವಳೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಾಳೆ.

ಅಜ್ಜಿ ಯಾಕೆ ಬರುವುದಿಲ್ಲ ಎಂದು ಕೇಳಿದಳು. ನಿನ್ನ ಹಲ್ಲು ಕಿತ್ತವಳು ಅವಳೇ ಅಂದೆ. "ಅಜ್ಜಿ ಕಿತ್ತಾಗ ನನಗ ನೋವಾಗ್ಲಿಲ್ಲಬೇ. ರಕ್ತ ನೋಡಿ ಆಕಿನ ಅಳಾಕತ್ತಿದ್ಲು" ಅಂದಳು. ಅದನ್ನು ಕೇಳಿಯೂ ನನ್ನ ಮನಸ್ಸು ಕರಗಲಿಲ್ಲ. ಹಬ್ಬಕ್ಕೆ ನಮ್ಮ ದಾರಿ ಕಾಯಬೇಡ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ
ಸ್ಟೆಲ್ಲಾ

ತಾ.ಕ.: ಕಾಗದ ಮಡಚಿ ಎರಡು ದಿನ ಇಟ್ಟುಕೊಂಡಿದ್ದೆ. ಇನ್ನು ಮುಂದಿನದನ್ನು ಮೈಕಲ್ ಕೈಯಲ್ಲಿ ಓದಿಸಬೇಡ, ಅಕ್ಷರ ಕೂಡಿಸಿ ನೀನೇ ಓದು. ಹಲ್ಲು ಕಿತ್ತದ್ದರಿಂದ ರೋಗ ಹರಡಲಿಲ್ಲ, ಅದು ಮೊದಲೇ ದವಡೆಗೆ ಬಂದಿತ್ತು ಎಂದು ಹುಬ್ಬಳ್ಳಿಯ ಡಾಕ್ಟರು ಮೊದಲ ವಾರವೇ ನನಗೆ ಹೇಳಿದ್ದರು. ಎಷ್ಟು ದಿನದಿಂದ ಅಲುಗುತ್ತಿತ್ತು ಎಂದೂ ಕೇಳಿದ್ದರು. ನಾನು ನಿನ್ನ ಆರು ವಾರವನ್ನಷ್ಟೇ ಹೇಳಿದೆ. ಅದು ಸುಳ್ಳು. ಅವಳನ್ನು ನಿನ್ನ ಹತ್ತಿರ ಬಿಡುವ ಹದಿನೈದು ದಿನ ಮೊದಲೇ, ಹಲ್ಲುಜ್ಜಿಸುವಾಗ, ಅದು ನನ್ನ ಬೆರಳಿಗೆ ಅಲುಗಿತ್ತು. ಹೇಳಿದರೆ ಮೊದಲು ದವಾಖಾನೆಗೆ ತೋರಿಸು ಅನ್ನುತ್ತೀ, ರಜೆ ಕೇಳಿದರೆ ಕೆಲಸ ಹೋಗುತ್ತದೆ ಎಂದು ಸುಮ್ಮನಾದೆ. ಅವಳನ್ನು ಬಿಟ್ಟು ನಾನು ವಾಪಸ್ ಬಸ್ಸು ಹತ್ತುವಾಗ ನೀನು ಕೇಳಿದ್ದೆ, "ಕೂಸಿನ ಮೈ ಯಾಕ ಹಿಂಗ ಸುಡಾಕತ್ತೈತಿ?" ಎಂದು.

ಬಿಸಿಲಿಗೆ ಅಂದೆ.