ನಿಮ್ಮ ಗೋಡೆಯ ಮೇಲಿರುವ ಅಗ್ಗದ ಡೀಸೆಲ್

ನೀರು ಸರಬರಾಜು ಕಚೇರಿಯ ಮಾನ್ಯ ಅಧಿಕಾರಿಗಳೇ,

ನನ್ನ ತಮ್ಮನ ಎಡಗಿವಿ ನಾಲ್ಕು ವರ್ಷದ ಹಿಂದೆ ಹೋಯಿತು. ಬಲಗಿವಿ ಕಳೆದ ತಿಂಗಳು ಹೋಯಿತು. ಎರಡನ್ನೂ ತಿಂದದ್ದು ನಮ್ಮ ಬೀದಿಯ ಪಂಪ್‌ಹೌಸಿನ ಡೀಸೆಲ್ ಎಂಜಿನ್. ಆ ಎಂಜಿನ್ನನ್ನು ಇವತ್ತಿಗೂ ಅಲ್ಲಿ ಕೂರಿಸಿರುವುದು ನಿಮ್ಮ ಕೋಣೆಯ ಗೋಡೆಗೆ ಗಾಜು ಹಾಕಿಸಿ ನೇತುಹಾಕಿರುವ ಒಂದು ದರಪಟ್ಟಿ. ಸೌರಫಲಕಕ್ಕಿಂತ ಡೀಸೆಲ್ಲೇ ಅಗ್ಗ ಎಂದು ಅದು ಹೇಳುತ್ತದೆ. ಅದರ ತಾರೀಖು ಹನ್ನೆರಡು ವರ್ಷದ ಹಿಂದಿನದು.

ನೀವು ಪಂಪ್‌ಹೌಸಿನ ಕಡೆ ತಲೆ ಹಾಕಿದವರಲ್ಲ, ಆದ್ದರಿಂದ ಹೇಳುತ್ತೇನೆ. ಹತ್ತಡಿ ಉದ್ದ, ಎಂಟಡಿ ಅಗಲ, ತಗಡಿನ ಮಾಡು, ಒಂದು ಕಿಟಕಿ, ಒಂದು ಸ್ಟೂಲು. ವಿದ್ಯುತ್ ತಂತಿ ಬಂದಿದೆ. ಅದರಲ್ಲಿ ಬರುವ ಕರೆಂಟಿಗೆ ಬಲ್ಬು ನಾಚಿದ ಹಾಗೆ ಕೆಂಪಗಾಗುತ್ತದೆ, ಪಂಪು ಮಾತ್ರ ಏಳುವುದಿಲ್ಲ. ಹಾಗಾಗಿ ಎಂಜಿನ್. ಬೆಳಿಗ್ಗೆಯಿಂದ ಸಂಜೆಯವರೆಗೆ ಓಡಿ ಮೇಲಿನ ಟ್ಯಾಂಕು ತುಂಬಿಸುತ್ತದೆ. ಇಪ್ಪತ್ತಾರು ವರ್ಷ ತಮ್ಮ ಅದರ ಪಕ್ಕದಲ್ಲಿ ಕೂತ. ನಾನು ಎದುರುಗಡೆಯ ದರ್ಜಿ. ದಿಂಬಿಗೆ ತುಂಬುವ ಹತ್ತಿಯನ್ನು ತಂದುಕೊಟ್ಟು ಕಿವಿಗೆ ಇಟ್ಟುಕೋ ಎಂದು ಎಷ್ಟೋ ಸಲ ಗೋಗರೆದೆ.

“ಹತ್ತಿ ಇಟ್ಕೊಂಡ್ರೆ ಎಂಜಿನ್ನಿಗೆ ಎಲ್ಲಿ ನೋಯ್ತಿದೆ ಅಂತ ಗೊತ್ತಾಗಲ್ಲ ಕಣೋ ಅಣ್ಣ” ಎನ್ನುತ್ತಿದ್ದ.

ದಿನಕ್ಕೆ ಮೂರು ಸಲ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಡಾಕ್ಟರು ಎದೆಬಡಿತ ಕೇಳಿದ ಹಾಗೆ ಕಣ್ಣುಮುಚ್ಚಿ ಕೇಳುತ್ತಿದ್ದ. ನಿಮ್ಮ ಕಚೇರಿ ಒಬ್ಬ ಮೆಕ್ಯಾನಿಕ್ಕನ್ನೂ ಕಳಿಸದೆ ಆ ಎಂಜಿನ್ ಇಷ್ಟು ಕಾಲ ಬಾಳಿದ್ದು ಹೀಗೆ. ಅದರ ಆರೋಗ್ಯ ಈಗಲೂ ಚೆನ್ನಾಗಿದೆ. ನಿಮಗೆ ಅಭಿನಂದನೆಗಳು.

ಎಡಗಿವಿ ಹೋದಾಗ ಬೀದಿಯವರೆಲ್ಲ ಸೇರಿ ಸೌರಪಂಪು ಬೇಕೆಂದು ಅರ್ಜಿ ಹಾಕಿದೆವು. ಅರ್ಜಿ ಹಿಡಿದು ಹೋದವನು ನಾನು. ನಿಮ್ಮ ಗುಮಾಸ್ತರು ಒಂದು ಕಾಲಂ ಮೇಲೆ ಪೆನ್ನು ಕುಟ್ಟಿದರು.

“ಇಂಧನ ಅನ್ನೋ ಜಾಗ ಖಾಲಿ ಬಿಟ್ಟಿದ್ದೀರಲ್ಲ ಯಜಮಾನ್ರೇ.”

“ಬಿಸಿಲು ಅಂತ ಬರೀಲಾ?”

“ಬರೀರಿ. ಅದರ ಕೆಳಗೆ ಸರಬರಾಜು ಮಾಡೋರ ಹೆಸರು, ವಿಳಾಸ.”

“ಹೆಸರು ಗೊತ್ತು ಸ್ವಾಮಿ. ವಿಳಾಸ ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ.”

“ತಮಾಷೆ ಬೇಡ. ಇಂಧನದ ರಸೀದಿ ಇಲ್ದೆ ನಾನಿದನ್ನ ಒಳಗೆ ಕಳಿಸಿದ್ರೆ ಸಾಹೇಬ್ರು ನನ್ನನ್ನ ಹೊರಗೆ ಕಳಿಸ್ತಾರೆ.”

ಒಂಬತ್ತು ತಿಂಗಳ ಮೇಲೆ ಅರ್ಜಿ ವಾಪಸು ಬಂತು: ‘ಇಂಧನದ ರಸೀದಿ ಲಗತ್ತಿಸಿಲ್ಲ.’ ಕೆಳಗೆ ನಿಮ್ಮ ಸಹಿ. ಕೊಡುವವನು ಏನನ್ನೂ ಕೇಳದೆ ಕೊಡುತ್ತಾನೆ ಎಂಬುದು ನಿಮ್ಮ ಕಚೇರಿಯಲ್ಲಿ ಯಾರಿಗೂ ನಂಬಲಾಗದ ಮಾತು, ಒಪ್ಪುತ್ತೇನೆ.

ಆಮೇಲೆ ನಿಮ್ಮ ಕೋಣೆಗೇ ಬಂದೆ. ನೀವು ತಿರುಗಿ ನೋಡದೆ ಹೆಬ್ಬೆರಳಿನಿಂದ ಬೆನ್ನ ಹಿಂದಿನ ಪಟ್ಟಿ ತೋರಿಸಿದಿರಿ. ಅದೇ ಸೌರಫಲಕ ನಮ್ಮ ಬೀದಿ ಕೊನೆಯ ಅಂಗಡಿಯಲ್ಲಿ ಈಗ ಪಟ್ಟಿಯ ಬೆಲೆಯ ಐದರಲ್ಲೊಂದು ಪಾಲಿಗೆ ಸಿಗುತ್ತದೆ, ಡೀಸೆಲ್ ಎರಡರಷ್ಟಾಗಿದೆ ಎಂದೆ. ರಾತ್ರಿ ಬಿಸಿಲಿಲ್ಲವಲ್ಲ, ಆಗ ಏನು ಮಾಡುತ್ತೀರಿ ಎಂದಿರಿ. ಮಲಗುತ್ತೇವೆ ಸ್ವಾಮಿ, ನೀರು ಆಗಲೇ ಟ್ಯಾಂಕಿನಲ್ಲಿರುತ್ತದೆ ಎಂದೆ. ಎಂಜಿನ್ ಹೋದರೆ ನಿಮ್ಮ ತಮ್ಮನ ಕೆಲಸವೂ ಹೋಗುತ್ತದೆ ಎಂದು ಮರುಗಿದಿರಿ. ವಾಲ್ವು ತಿರುಗಿಸಲು, ಫಲಕದ ಧೂಳು ಒರೆಸಲು ನೀವೇ ಬರುತ್ತೀರಾ ಎಂದೆ. ಕೊನೆಗೆ, ಪಟ್ಟಿ ಪರಿಷ್ಕರಣೆ ಆಗುವವರೆಗೆ ಇದೇ ಪಟ್ಟಿ ಎಂದಿರಿ. ಪರಿಷ್ಕರಿಸುವವರು ಯಾರು ಎಂದು ಕೇಳಿದೆ.

“ನಾನೇ” ಎಂದಿರಿ.

ಅದಾಗಿ ಮೂರು ವರ್ಷ. ಹೋಲಿಸುವಾಗ ನಿಮ್ಮದು ಹನ್ನೆರಡು ವರ್ಷ ಹಳೆಯ ಡೀಸೆಲ್. ಎಂಜಿನ್ನಿಗೆ ಸುರಿಯುವಾಗ ಇವತ್ತಿನ ಡೀಸೆಲ್. ಡೀಸೆಲ್ ತರುವವರಿಗೆ ಇವತ್ತಿನ ದರ ಕೊಡಲು ನಿಮ್ಮ ಪೆನ್ನಿಗೆ ಯಾವ ಪರಿಷ್ಕರಣೆಯೂ ಬೇಕಾಗಲಿಲ್ಲ. ಗಾಜಿನೊಳಗಿನ ಆ ಡೀಸೆಲ್ ಯಾವ ಬಂಕಿನಲ್ಲಿ ಸಿಗುತ್ತದೆ ಎಂದು ತಿಳಿಸಿದರೆ ಊರಿನವರೆಲ್ಲ ಡಬ್ಬ ಹಿಡಿದು ಬರುತ್ತೇವೆ.

ನನ್ನ ಹತ್ತಿರವೂ ಒಂದು ಹಳೆಯ ಪಟ್ಟಿ ಇದೆ. ನೀವು ಈ ಊರಿಗೆ ಹೊಸದಾಗಿ ಬಂದಾಗ ನನ್ನಲ್ಲಿ ಪ್ಯಾಂಟು ಹೊಲಿಸಿದಿರಿ. ಅಳತೆ ಪುಸ್ತಕದಲ್ಲಿ ಬರೆದಿದೆ: ಸೊಂಟ ಮೂವತ್ತೆರಡು. ಹೋದ ವಾರ ಬಟ್ಟೆ ಕೊಟ್ಟುಹೋಗುವಾಗ ನನ್ನ ಟೇಪು ನಲವತ್ತೊಂದು ಹೇಳಿತು. ಟೇಪನ್ನು ನಂಬಲೇ, ಪುಸ್ತಕವನ್ನು ನಂಬಲೇ? ನಿಮ್ಮ ಕೈಕೆಳಗೆ ಕಲಿತವನು ನಾನು. ಪುಸ್ತಕವನ್ನೇ ನಂಬಿದ್ದೇನೆ.

ತಮ್ಮನ ಮನೆಯಲ್ಲಿ ಒಂದೂವರೆ ವರ್ಷದ ಮೊಮ್ಮಗಳಿದ್ದಾಳೆ. ಎಂಜಿನ್ ಓಡುವಾಗ ತಮ್ಮನನ್ನು ಕರೆಯಬೇಕಾದವರು ಅವನ ಮೊಣಕಾಲನ್ನು ಎರಡು ಸಲ ತಟ್ಟುವುದು ಪಂಪ್‌ಹೌಸಿನ ರೂಢಿ. ಕಳೆದ ತಿಂಗಳಿಂದ ಮನೆಯಲ್ಲೂ ಎಲ್ಲರೂ ಹಾಗೇ ಕರೆಯುತ್ತಾರೆ. ಮಗು ಅಮ್ಮ ಅನ್ನುತ್ತದೆ, ಅಪ್ಪ ಅನ್ನುತ್ತದೆ. ತಾತನ ಹತ್ತಿರ ಬಂದರೆ ಬಾಯಿ ಮುಚ್ಚಿ, ಪುಟ್ಟ ಅಂಗೈಯಿಂದ ಮೊಣಕಾಲನ್ನು ಎರಡು ಸಲ ತಟ್ಟುತ್ತದೆ. ತಾತ ಎಂಬುದಕ್ಕೆ ಅದು ಕಲಿತ ಮಾತು ಅದೇ. ತಮ್ಮ ಖುಷಿಯಿಂದ ಎತ್ತಿಕೊಳ್ಳುತ್ತಾನೆ. ನಾನು ಎದ್ದು ಅಂಗಡಿಗೆ ಬರುತ್ತೇನೆ.

ಅವನ ಕಿವಿ ಇನ್ನು ಬರುವುದಿಲ್ಲ. ಅದನ್ನು ನಿಮ್ಮಿಂದ ಕೇಳುತ್ತಲೂ ಇಲ್ಲ. ಬರುವ ಒಂದನೇ ತಾರೀಖಿನಿಂದ ಆ ಸ್ಟೂಲಿನ ಮೇಲೆ ಕೂರಲು ನಿಮ್ಮ ಕಚೇರಿ ಹೊಸಬನನ್ನು ನೇಮಿಸಿದೆ. ಅವನು ತಮ್ಮನ ಅಳಿಯ, ಆ ಮಗುವಿನ ಅಪ್ಪ. ಮಾವನ ಸ್ಕ್ರೂಡ್ರೈವರನ್ನು ಆಗಲೇ ಇಸಿದುಕೊಂಡು ಒರೆಸಿಟ್ಟಿದ್ದಾನೆ. ಅಷ್ಟರೊಳಗೆ ಕುರ್ಚಿಯಿಂದ ಏಳಿ, ತಿರುಗಿ, ಆ ಗಾಜನ್ನು ಗೋಡೆಯಿಂದ ಕೆಳಗಿಳಿಸಿ, ಇವತ್ತಿನ ದರ ಬರೆದು ನಮ್ಮ ಅರ್ಜಿಗೆ ಸಹಿ ಹಾಕಿ. ಅಪ್ಪನನ್ನು ಕರೆಯಲು ಆ ಮಗು ಇನ್ನೂ ಬಾಯಿ ತೆರೆಯುತ್ತಿದೆ.

ಇಂತಿ,
ಒಡಹುಟ್ಟಿದವನ ಮೊಣಕಾಲು ತಟ್ಟಿ ಈ ಕಾಗದ ತೋರಿಸಿ ಬಂದಿರುವ,
ನಿಮ್ಮ ಪ್ಯಾಂಟನ್ನು ಮೂವತ್ತೆರಡಕ್ಕೆ ಹೊಲಿದಿಟ್ಟಿರುವ,
ಪಂಪ್‌ಹೌಸ್ ಎದುರಿನ ದರ್ಜಿ